ಐದನೇ ಕಂಬದ ಹೆಸರು

ಕಾಫಿ ಮೊದಲು ಬಂತು, ಲೋಟ ಆಮೇಲೆ ಬಿತ್ತು, ಈ ಯಂತ್ರದ ಹಳೇ ಚಾಳಿ, ಮೂರನೇ ಮಹಡಿಯವರೆಲ್ಲ ಬೈಯುತ್ತಲೇ ಕುಡಿಯುತ್ತಾರೆ, ಬಿಸಿ ಕಾಫಿಯೆಲ್ಲ ಜಾಲರಿಯೊಳಗೆ ಸುರಿದುಹೋಯಿತು, ವಾಲಿಕೊಂಡು ಬಿದ್ದ ಪ್ಲಾಸ್ಟಿಕ್ ಲೋಟದ ತಳದಲ್ಲಿ ಒಂದೇ ಗುಟುಕು, ಅದನ್ನೇ ಎತ್ತಿಕೊಂಡೆ, ಬೆರಳು ಸುಟ್ಟಿತು, ಸುಡಲಿ, ಮಣಿಕಟ್ಟಿನ ಕೆಂಪು-ಬಿಳಿ ದಾರದ ಮೇಲೆ ಎರಡು ಹನಿ ಸಿಡಿದು ಬಿಳಿಯೆಲ್ಲ ಕಂದು ಬಣ್ಣ, ದೋನ್ಕಾ ಲೆಲ್ಯಾ ನೋಡಿದರೆ ಬೈಯುತ್ತಾರೆ, ಮಾರ್ಚ್ ತಿಂಗಳ ದಾರಾನ ಹೀಗಾ ಇಟ್ಕೊಳ್ಳೋದು ಹುಡುಗಿ — ಇನ್ನೊಂದು ಕೈಯಲ್ಲಿ ಫೋನು ಗುಂಯ್ ಎಂದಿತು, ಇಲ್ಯಾ, ಅಣೆಕಟ್ಟಿನ ಗೇಟು ನೋಡಿಕೊಳ್ಳುವ ಇಲ್ಯಾ, ಹಬ್ಬಕ್ಕೂ ಸಂದೇಶ ಕಳಿಸುವವನಲ್ಲ ಅವನು, ಒಂದು ಚಿತ್ರ, ಕೆಳಗೆ ಒಂದು ಸಾಲು, ನಿನ್ನೆ ಹೋಗಿದ್ದು ನಮ್ಮ ದೋನ್ಕಾ, ಬೆಳಿಗ್ಗೆ ಕೆಳಗಿನ ಸೇತುವೆ ಹತ್ರ ಸಿಕ್ಕಿದ್ರು. ಓದಿದೆ. ಮತ್ತೆ ಓದಿದೆ. ಹೋಗಿದ್ದು ಎಂದರೆ ಎಲ್ಲಿಗೆ, ಸಿಕ್ಕಿದರು ಎಂದರೆ ಯಾರಿಗೆ, ಓದು ಬಾರದವಳಂತೆ ಅಕ್ಷರ ಅಕ್ಷರ ಹಿಡಿದು ನೋಡಿದೆ. ಚಿತ್ರದಲ್ಲಿ ಲೆಲ್ಯಾ ಇಲ್ಲ, ಹೊಳೆದಂಡೆಯ ಪ್ಲಮ್ ಮರ ಮಾತ್ರ, ಮೈತುಂಬ ಹೂ, ಬುಡದಲ್ಲಿ ಕೆಸರು, ಕೈಗೆಟುಕುವ ಎತ್ತರದ ಕೊಂಬೆಯಲ್ಲಿ ಕೆಂಪು-ಬಿಳಿ ದಾರ, ಒಂದು ಸುತ್ತು ಬಂದಿದೆ, ಒಂದು ತುದಿ ಇನ್ನೊಂದರ ಕೆಳಗೆ ತೂರಿದೆ, ಎಳೆದು ಬಿಗಿ ಮಾಡಿಲ್ಲ, ಗಂಟು ಅರ್ಧ. ಬೆಳಿಗ್ಗೆ ಬಸ್ಸಿನಲ್ಲಿ ನಮ್ಮ ಆಫೀಸಿನ ಪ್ಲಾಮೆನ್ ಕಳಿಸಿದ್ದನ್ನು ಓದಿದ್ದೆನಲ್ಲ, ನಿನ್ನೆ ಗೇಟು ತೆಗೆದಾಗ ಕೆಳಗೆ ಹೆಂಗಸೊಬ್ಬಳು ಕೊಚ್ಚಿಹೋಗಿದ್ದಾಳೆ, ನಮ್ಮ ಸೈರನ್ ಸರಿಯಾಗಿ ಕೂಗಿದೆ, ಹೆದರೋದೇನಿಲ್ಲ, ಹನ್ನೊಂದಕ್ಕೆ ವರದಿಗೆ ಸಹಿ ಹಾಕೋಕೆ ಬಾ. ಹೆಂಗಸೊಬ್ಬಳು ಎಂದರೆ ಯಾರೋ. ಪಾಪ ಎಂದುಕೊಂಡು ಕೈಯಲ್ಲಿದ್ದ ಬನಿತ್ಸಾ ತಿಂದು ಮುಗಿಸಿದೆ, ಚೀಸು ಚೆನ್ನಾಗಿತ್ತು, ಎಣ್ಣೆ ಕೈಯನ್ನು ಕಾಗದಕ್ಕೆ ಒರೆಸಿಕೊಂಡೆ.

ಲೆಲ್ಯಾ ಎಂದರೆ ಚಿಕ್ಕಮ್ಮ, ಹಾಗೆನ್ನಲು ರಕ್ತಸಂಬಂಧ ಬೇಕಿಲ್ಲ, ಊರಿನ ಹಿರಿಯ ಹೆಂಗಸರೆಲ್ಲ ಲೆಲ್ಯಾ, ಆದರೆ ಅಕ್ಟೋಬರಿನಲ್ಲಿ ಐದನೇ ಕಂಬ ನೆಡಲು ಹೋದಾಗ ಇವರು ನನ್ನನ್ನು ಬಿಟ್ಟಿದ್ದರೆ ತಾನೇ, ಅಣೆಕಟ್ಟಿನ ಗೋಡೆಯ ಕೆಳಗೇ ಇರುವ ಊರು, ಅಂಚೆ ಹಂಚುವ ಕೆಲಸ ಅವರದು, ಸೈಕಲ್ಲನ್ನು ಕಂಬಕ್ಕೇ ಒರಗಿಸಿ, ಇದೇನು ನಮ್ಮೂರಿಗೆ ಗಲ್ಲುಮರ ತಂದ್ರಾ ಎಂದರು, ನಾನು ನಕ್ಕೆ, ಸೈರನ್ ಲೆಲ್ಯಾ, ಗೇಟು ತೆಗೆಯೋ ಮೊದಲು ಕೂಗುತ್ತೆ, ಮೂರು ನಿಮಿಷ ಪೂರ್ತಿ ಕೂಗುತ್ತೆ, ಆಮೇಲೇ ನೀರು ಬರೋದು, ಓಡಬೇಡಿ, ನಡಕೊಂಡೇ ಹೋಗಿ, ಸಮಯ ಇರುತ್ತೆ. ಸಮಯ ಇರುತ್ತೆ ಎಂದೆ. ಇದೇ ಬಾಯಲ್ಲಿ. ನಮ್ಮ ಯಜಮಾನ್ರು ಗಾತ್ಯೊಗೆ ಕೇಳಲ್ಲಮ್ಮ, ಅವರಿಗೆ ಕಿವಿ ಮಂದ, ಜೇನುಹುಳ ಕಿವೀಲೇ ಗುಂಯ್ ಅಂದ್ರೂ ಗೊತ್ತಾಗಲ್ಲ, ನಾನೇ ಹೋಗಿ ಹೇಳ್ಬೇಕು ಎಂದರು, ಅದಕ್ಕೇನು, ಮೂರು ನಿಮಿಷ ಇದೆಯಲ್ಲ ಎಂದೆ ನಾನು, ದಾನಶೂರಳಂತೆ ಮೂರು ನಿಮಿಷ ಕೊಟ್ಟೆ. ಮೊದಲ ಸಲ ಪರೀಕ್ಷೆಗೆ ಕೂಗಿಸಿದ ದಿನ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದು ಗಾತ್ಯೊನ ಭುಜಕ್ಕೆ ಎರಡು ಸಲ ತಟ್ಟಿದರು, ತಟ್ ತಟ್, ಅಂಗಿಯ ಮೇಲೆ ಬಿಳಿ ಅಂಗೈ ಮೂಡಿತು, ಅವನು ಎದ್ದ, ಇಬ್ಬರೂ ಚರ್ಚಿನ ದಿಬ್ಬ ಹತ್ತಿದರು, ಗಡಿಯಾರ ನೋಡಿದೆ, ಒಂದೂವರೆ ನಿಮಿಷ, ನೋಡಿದ್ಯಾ ಹುಡುಗಿ, ಇನ್ನೂ ಅರ್ಧ ಉಳಿದಿದೆ, ಮುದುಕರು ಅಂದ್ಕೊಂಡ್ಯಾ. ಆಮೇಲೆ ಕೇಳಿದರು, ಈ ಕಂಬಕ್ಕೆ ಏನಂತೀರಿ ನೀವು, ಐದು ಅಂತೀವಿ, ಬರೀ ಐದಾ, ಜೈಲಲ್ಲಿ ಇರೋರಿಗೆ ನಂಬರು, ನಮ್ಮೂರಿನ ಕಂಬಕ್ಕೂ ನಂಬರಾ, ಒಂದು ಹೆಸರಿಡಬಾರದೇನೇ — ಇಲ್ಲ, ಅದನ್ನು ಈಗ ನೆನೆಯುವುದು ಬೇಡ, ಅದರಲ್ಲೇನೋ ಇದೆ, ಕಾಲಿಗೆ ತಣ್ಣಗೆ ಏನೋ ತಾಕಿದಂತೆ ಆಗುತ್ತಿದೆ, ಬೇಡ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಕೆಳಗೆ ಪ್ಲೊವ್ದಿವ್ ಪಟ್ಟಣ ತನ್ನ ಪಾಡಿಗೆ ತಾನಿದೆ, ಬೇಕರಿಯ ಮುಂದೆ ಸಾಲು, ಎಲ್ಲರ ಮಣಿಕಟ್ಟಿನಲ್ಲೂ ದಾರ.

ಸಭೆ ಕೋಣೆಯಲ್ಲಿ ಪ್ಲಾಮೆನ್ ಇದ್ದಾನೆ, ನಮ್ಮ ತಂಡದ ಮುಖ್ಯಸ್ಥ, ಒಳ್ಳೆಯವನೇ, ನನ್ನ ತಾಯಿ ಸತ್ತಾಗ ನಲವತ್ತನೇ ದಿನದ ಊಟಕ್ಕೆ ಬಂದು ಪಾತ್ರೆ ತೊಳೆದವನು, ಅವನ ಪಕ್ಕ ತನಿಖೆಯವರು, ಬೂದು ಸ್ವೆಟರಿನ ಹೆಂಗಸು, ಮುಂದೆ ಕಾಗದ, ಮೊಹರು, ಮೊಹರಿನ ಮಸಿಡಬ್ಬಿ, ಬಾ ನೆವೇನಾ, ಕೂತ್ಕೋ, ಮೂರು ಹಾಳೆ ಅಷ್ಟೇ. ಕೂತೆ. ಸತ್ತವರು ಯಾರು ಗೊತ್ತಾ ಪ್ಲಾಮೆನ್ ಎಂದು ಹೇಳಬೇಕು, ಹೇಳುವ ಮೊದಲೇ ಓದು ಶುರುವಾಗಿದೆ. ತನಿಖೆಯವರು ಓದುತ್ತಿದ್ದಾರೆ, ಧ್ವನಿಯಲ್ಲಿ ಏರಿಳಿತವಿಲ್ಲ, ಊರಿನ ಹನ್ನೊಂದು ಜನ ಸೈರನ್ ಕೇಳಿದ್ದೇವೆ ಎಂದಿದ್ದಾರೆ, ಕಂಪ್ಯೂಟರಿನ ದಾಖಲೆಯೂ ಐದಕ್ಕೆ ಐದು ಕಂಬ ಕೂಗಿವೆ ಎಂದಿದೆ, ಮೃತಳು ಎಚ್ಚರಿಕೆಯನ್ನು ಲೆಕ್ಕಿಸದೆ ಹೊಳೆದಂಡೆಯಲ್ಲೇ ಉಳಿದದ್ದರಿಂದ — ಲೆಕ್ಕಿಸದೆ? ಲೆಲ್ಯಾ? ಪಕ್ಕದ ಕೋಣೆಯಲ್ಲಿ ಹಾಲು ಉಕ್ಕುವ ಮೊದಲೇ ಎದ್ದುಹೋಗುತ್ತಿದ್ದ ಲೆಲ್ಯಾ? ಮೃತಳ ಗಂಡ ಮಾತ್ರ ಸೈರನ್ ಕೂಗಲಿಲ್ಲ ಎನ್ನುತ್ತಾರೆ, ಆದರೆ ಅವರಿಗೆ ಕಿವಿ ಕೇಳಿಸುವುದಿಲ್ಲ. ಪ್ಲಾಮೆನ್ ನಿಟ್ಟುಸಿರು ಬಿಟ್ಟ, ಪಾಪ ಮುದುಕ, ಅವನಿಗೆ ಹೇಗೆ ಗೊತ್ತಾಗ್ಬೇಕು ಹೇಳಿ. ತನಿಖೆಯವರು ಹಾಳೆ ತಿರುವಿದರು, ಅವರು ಏನು ಹೇಳಿದರೆಂದರೆ, ಕೂಗಿದ್ದಿದ್ರೆ ಅವಳು ಬಂದು ನನ್ನ ಭುಜ ತಟ್ತಿದ್ಲು, ತಟ್ಟಲಿಲ್ಲ, ಅಂದ್ರೆ ಕೂಗಲಿಲ್ಲ. ನಾನು ಗಾತ್ಯೊನ ಅಂಗಿಯ ಮೇಲೆ ಅಂದು ಮೂಡಿದ ಬಿಳಿ ಅಂಗೈಯನ್ನು ನೋಡುತ್ತಿದ್ದೆ, ಹಿಟ್ಟಿನದು. ದಾಖಲೆಯ ಹಾಳೆ ನನ್ನ ಮುಂದೆ ಬಂತು, ಅಭ್ಯಾಸ, ಅಂಕಿ ಕಂಡರೆ ಕಣ್ಣು ಓದುತ್ತದೆ, ಹತ್ತು ಇಪ್ಪತ್ತಕ್ಕೆ ಶುರು, ಒಂದನೇ ಕಂಬ ಮೂರು ನಿಮಿಷ ಹತ್ತು ಸೆಕೆಂಡಿಗೆ ಮುಗಿಸಿದೆ, ಎರಡನೆಯದು ಹನ್ನೊಂದು, ಮೂರನೆಯದು ಹನ್ನೊಂದು, ನಾಲ್ಕನೆಯದು ಹದಿಮೂರು, ಐದನೆಯದಕ್ಕೆ ಸಾಲೇ ಇಲ್ಲ, ಅದರ ಕೆಳಗೆ ನೇರವಾಗಿ, ಐದಕ್ಕೆ ಐದು ಮುಗಿದಿದೆ, ಗೇಟು ತೆಗೆಯಬಹುದು, ನಾಲ್ಕು ನಿಮಿಷ ಸೊನ್ನೆ ಸೆಕೆಂಡು, ಹಾಳೆ ಅಲ್ಲಿಗೇ ಮುಗಿದಿದೆ. ಸರಿಯಾಗಿ ನಾಲ್ಕು. ಒಂದು ಕೂದಲೆಳೆ ಆಚೆಯಿಲ್ಲ ಈಚೆಯಿಲ್ಲ. ಲೋಕದಲ್ಲಿ ಯಾವ ಕೆಲಸವೂ ಸರಿಯಾಗಿ ನಾಲ್ಕು ನಿಮಿಷಕ್ಕೆ ಮುಗಿಯುವುದಿಲ್ಲ, ನಾಲ್ಕು ನಿಮಿಷ ಎನ್ನುವುದು ನಾನು ಬರೆದ ಅಂಕಿ.

ನಾನು ಬರೆದ ಅಂಕಿ, ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಗೇಟಿನ ಪ್ರೋಗ್ರಾಮ್ ರಾಜಧಾನಿ ಸೋಫಿಯಾದವರದು, ನಮ್ಮದು ಗೇಟು ತೆಗೆಯುವಾಗೆಲ್ಲ ಅದರೊಳಗೆ ಬಂದು ಕೂರುವ ಸೈರನ್ ಲೈಬ್ರರಿ, ಸಿದ್ಧ ಕೋಡಿನ ಒಂದು ಕಟ್ಟು, ಬಂದ ಕೂಡಲೇ ಲೈಬ್ರರಿ ತನ್ನದೇ ಒಂದು ಥ್ರೆಡ್ ಹುಟ್ಟಿಸುತ್ತದೆ, ದೊಡ್ಡ ಪ್ರೋಗ್ರಾಮಿನ ಪಕ್ಕದಲ್ಲಿ ತನ್ನಷ್ಟಕ್ಕೆ ಓಡುವ ಕೆಲಸ, ಅದು ಐದೂ ಕಂಬಗಳನ್ನು ಕರೆದು ಕೂಗಿಸುತ್ತದೆ, ಎಲ್ಲ ಮುಗಿದ ಮೇಲೆ ಸನ್ನೆ ಕೊಡುತ್ತದೆ, ಸನ್ನೆ ಬಂದರೆ ಗೇಟು. ಸನ್ನೆಯೇ ಬರದಿದ್ದರೆ? ಬರದೇ ಹೋದರೆ ಗೇಟು ತೆಗೆಯಲಾಗದೆ ಅಣೆಕಟ್ಟು ತುಂಬಿ ಮೇಲೆ ಹರಿದೀತು, ಅದಕ್ಕೇ ಒಂದು ಮಿತಿ, ನಾಲ್ಕು ನಿಮಿಷ ಕಾಯಿ, ಸನ್ನೆ ಬಂದರೆ ಸರಿ, ಬರದಿದ್ದರೆ ಇಲ್ಯಾನಿಗೆ ಹೇಳು, ಇಂಥ ಕಂಬ ಉತ್ತರ ಕೊಟ್ಟಿಲ್ಲ, ಫೋನು ಮಾಡಿ ವಿಚಾರಿಸು ಎಂದು, ಹಾಗೆ ಬರೆಯಬೇಕಿತ್ತು, ಹಾಗೆಯೇ ಬರೆದಿದ್ದೇನೆ ಎಂದುಕೊಂಡಿದ್ದೆ, ಇಲ್ಲ, ಈಗ ಆ ಸಾಲು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದೆ, ಕಾಯಿ ಎಂದು ಬರೆದೆ, ಕಾಯುವುದು ಮುಗಿದ ಮೇಲೆ ಮುಗಿದದ್ದು ಯಾಕೆ ಎಂದು ಕೇಳಲಿಲ್ಲ, ಸನ್ನೆ ಬಂತೋ ಹೊತ್ತು ಮುಗಿಯಿತೋ, ಎರಡಕ್ಕೂ ಒಂದೇ ಸಾಲು, ಐದಕ್ಕೆ ಐದು. ಬಾಗಿಲು ಸದ್ದಾದರೆ ಬಂದವರು ಯಾರು ಎಂದು ನೋಡದೆ ಮಗು ಬಂತು ಎಂದು ಬರೆದಿಟ್ಟ ಹಾಗೆ. ಲೆಲ್ಯಾ ಹೇಳಿದ್ದರಲ್ಲ, ಮಾರ್ಚ್ ಒಂದನೇ ತಾರೀಕು, ಐದನೇ ಕಂಬದ ಮೋಡೆಮ್ ಚಳಿಗೆ ಸತ್ತು ಹೊಸದು ಹಾಕಲು ಹೋಗಿದ್ದೆ, ನನ್ನ ಕೈ ಹಿಡಿದುಕೊಂಡು ಈ ದಾರ ಕಟ್ಟಿದರು, ಕಟ್ಟುತ್ತಾ ಹೇಳಿದರು, ಪಟ್ಟಣದವರು ನೀವು ತಿಂಗಳು ಮುಗೀತು ಅಂತ ಬಿಚ್ಚಿ ಬಿಸಾಕ್ತೀರಿ, ಹಾಗೆ ಮಾಡ್ಬೇಡ, ದಿನ ಎಣಿಸೋದಲ್ಲ ಇದು, ಕೊಕ್ಕರೆ ಕಾಣ್ಬೇಕು, ಇಲ್ಲಾ ಹೂಬಿಟ್ಟ ಮರ ಕಾಣ್ಬೇಕು, ಕಂಡ ಮೇಲೇ ಬಿಚ್ಚು, ಬಿಚ್ಚಿ ಆ ಮರಕ್ಕೆ ಕಟ್ಟು. ಹೂಂ ಲೆಲ್ಯಾ ಎಂದೆ. ಎಲ್ಲದಕ್ಕೂ ಹೂಂ ಎಂದವಳು ನಾನು.

ಆದರೆ ಐದನೆಯದು ಯಾಕೆ ಉತ್ತರ ಕೊಡಲಿಲ್ಲ, ಹೊಸ ಮೋಡೆಮ್ಮು, ಫೆಬ್ರವರಿ ತನಕ ಎಲ್ಲ ಸರಿಯಿತ್ತು, ಮಾರ್ಚ್ ಒಂದರ ಮೇಲೆ ಗೇಟು ತೆಗೆದದ್ದು ನಿನ್ನೆಯೇ ಮೊದಲು, ಹಿಮ ಕರಗಿ ನೀರು ಏರಿತ್ತು, ಮಾರ್ಚ್ ಒಂದಕ್ಕೆ ನಾನು ಬದಲಾಯಿಸಿದ್ದು ಏನು, ಮೋಡೆಮ್ಮು, ಅದರ ವಿಳಾಸ — ಕಾಲಿಗೆ ತಾಕಿದ ತಣ್ಣಗಿನ ವಸ್ತು ಈಗ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಬೇಡ ಎಂದರೂ ಬಂತು. ವಿಳಾಸವಾಗಿ ಅಂಕಿ ಹಾಕುವ ಬದಲು ಹೆಸರು ಹಾಕಿದೆ. ದೋನ್ಕಾ. ಅವರ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನೋಡಿ ಲೆಲ್ಯಾ, ಇನ್ನು ಮೇಲೆ ನಿಮ್ಮ ಕಂಬ ಐದು ಅಲ್ಲ, ದೋನ್ಕಾ, ಅವರು ಕನ್ನಡಕ ಹುಡುಕಿ ತಂದು ಪರದೆಗೆ ಮೂಗು ತಾಗಿಸಿ ನೋಡಿ, ಗಾತ್ಯೊನನ್ನು ಎಳೆದುತಂದು ತೋರಿಸಿ, ಇಲ್ನೋಡಿ, ನಾನೀಗ ಅಣೆಕಟ್ಟಿನವಳು ಎಂದು ಕಿರುಚಿದರು, ಅವನು ಕೇಳದಿದ್ದರೂ ನಕ್ಕ. ನಾಲ್ಕು ಕಂಬಕ್ಕೆ ಅಂಕಿ, ಒಂದಕ್ಕೆ ಹೆಸರು. ಅಂಕಿಯಾದರೆ ಥ್ರೆಡ್ ನೇರವಾಗಿ ಹೋಗುತ್ತದೆ, ಹೆಸರಾದರೆ ಈ ಹೆಸರಿನವರ ಮನೆ ಎಲ್ಲಿ ಎಂದು ವಿಚಾರಿಸಬೇಕು, ವಿಚಾರಿಸಲು ಇನ್ನೊಂದು ಲೈಬ್ರರಿಯನ್ನು ಒಳಗೆ ಕರೆಯಬೇಕು, ಲೈಬ್ರರಿಗಳು ಒಳಗೆ ಬರುವ ಬಾಗಿಲಿಗೆ ಒಂದೇ ಕೀಲಿ, ಆ ಕೀಲಿ ಗೇಟಿನ ಪ್ರೋಗ್ರಾಮಿನ ಮುಷ್ಟಿಯಲ್ಲಿ, ಯಾಕೆಂದರೆ ನಮ್ಮ ಲೈಬ್ರರಿ ಒಳಗೆ ಬರುವುದೇ ಇನ್ನೂ ಮುಗಿದಿಲ್ಲ, ಯಾಕೆ ಮುಗಿದಿಲ್ಲ, ಬಾಗಿಲಲ್ಲೇ ನಿಂತು ಥ್ರೆಡ್ ಮುಗಿಸಲಿ ಎಂದು ಕಾಯುತ್ತಿದೆ. ಇದು ಅದಕ್ಕೆ ಕಾಯುತ್ತದೆ, ಅದು ಇದಕ್ಕೆ ಕಾಯುತ್ತದೆ, ನಾಲ್ಕು ನಿಮಿಷ. ಬಾಗಿಲಲ್ಲಿ ಏನೂ ಮಾಡಬಾರದು, ಸುಮ್ಮನೆ ಒಳಗೆ ಬಂದು ಕೂತು, ಈಗ ಕೂಗಿಸು ಎಂದು ಬೇರೆಯಾಗಿ ಕರೆದ ಮೇಲೆ ಥ್ರೆಡ್ ಹುಟ್ಟಿಸಬೇಕು, ಇದು ನನಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಪ್ಲಾಮೆನ್‌ಗೆ ಹೇಳಿಯೂ ಇದ್ದೆ, ಸೋಫಿಯಾದವರು ಎರಡು ಸಾಲು ಸೇರಿಸಬೇಕು ಎಂದು, ಅವನು ಕೈಯಾಡಿಸಿದ, ಅವರನ್ನ ಕೇಳಿದ್ರೆ ಅರ್ಜಿ, ಮೊಹರು, ಮೂರು ತಿಂಗಳು ಮಾರಾಯ್ತಿ, ಅವರ ತಂಟೆ ಬೇಡ, ಒಳಗೆ ಬರ್ತಾ ಬರ್ತಾನೇ ನೀನು ಎಲ್ಲ ಮುಗಿಸಿಬಿಡು. ಮುಗಿಸಿಬಿಟ್ಟೆ. ನನ್ನ ಮೇಜಿನ ಯಂತ್ರದಲ್ಲಿ ಹೆಸರು ಹುಡುಕುವ ಲೈಬ್ರರಿ ಬೇರೆ ಯಾವುದೋ ಕೆಲಸಕ್ಕೆ ಆಗಲೇ ಒಳಗೆ ಬಂದು ಕೂತಿತ್ತು, ಕೀಲಿ ಬೇಕಾಗಲಿಲ್ಲ, ಪರೀಕ್ಷೆ ಪಾಸು. ಅಣೆಕಟ್ಟಿನ ಯಂತ್ರದಲ್ಲಿ ಕೂತಿರಲಿಲ್ಲ. ಆ ಹೆಸರು ಇಡದೇ ಇದ್ದಿದ್ದರೆ ಅವರು ಇವತ್ತು ಅಂಚೆ ಹಂಚುತ್ತಿದ್ದರು.

ಹಾಗಾದರೆ ಊರಿನ ಹನ್ನೊಂದು ಜನ ಕೇಳಿದ್ದು ಏನು, ಅವರು ಸುಳ್ಳು ಹೇಳುವವರಲ್ಲ, ಕೇಳಿದ್ದಾರೆ, ಕೇಳಲೇಬೇಕು, ಹೊತ್ತು ಮುಗಿಯಿತು, ಐದಕ್ಕೆ ಐದು ಎಂದು ಬರೆಯಿತು, ಬಾಗಿಲು ಬಿಟ್ಟಿತು, ಗೇಟಿನ ಪ್ರೋಗ್ರಾಮ್ ಮುಷ್ಟಿ ಸಡಿಲಿಸಿತು, ಅತ್ತ ಇಲ್ಯಾ ಗುಂಡಿ ಒತ್ತಿದ, ಇತ್ತ ಕೀಲಿ ಸಿಕ್ಕ ಥ್ರೆಡ್ ಓಡಿಹೋಗಿ ದೋನ್ಕಾ ಎಂದು ಕರೆಯಿತು, ಕಂಬ ಕೂಗಿತು, ಹೌದು ಕೂಗಿತು, ನೀರು ಹೊರಟ ಮೇಲೆ ಕೂಗಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಗೋಡೆಯ ಕೆಳಗಿನ ಊರು, ನೀರಿಗೆ ಒಂದು ನಿಮಿಷವೂ ಬೇಡ. ಉಳಿದ ನಾಲ್ಕು ಕಂಬಗಳು ಕೆಳಗೆ, ದೂರ, ಅವುಗಳ ಕೂಗು ಇಲ್ಲಿಗೆ ಕೇಳುವುದಿಲ್ಲ. ಲೆಲ್ಯಾ ಮರದ ಹತ್ತಿರ ಇದ್ದರು, ಹೂಬಿಟ್ಟ ಮರ ಕಂಡಿತು, ಸನ್ನೆ ಸಿಕ್ಕಿತು, ದಾರ ಬಿಚ್ಚಿದರು, ಕೊಂಬೆಗೆ ಒಂದು ಸುತ್ತು ಹಾಕಿದರು, ಒಂದು ತುದಿ ಇನ್ನೊಂದರ ಕೆಳಗೆ ತೂರಿಸಿದರು, ಆಗ ಕೂಗಿತು. ಅವರು ಲೆಕ್ಕಿಸದೆ ನಿಲ್ಲಲಿಲ್ಲ ಅಮ್ಮಾ ತನಿಖೆಯವರೇ, ಗಂಟನ್ನೇ ಅರ್ಧಕ್ಕೆ ಬಿಟ್ಟರು, ಒಂದು ಸಲ ಎಳೆದಿದ್ದರೆ ಬಿಗಿಯಾಗುತ್ತಿತ್ತು, ಎಳೆಯಲಿಲ್ಲ, ಎಷ್ಟು ಹೊತ್ತು ಬೇಕಿತ್ತು ಅದಕ್ಕೆ, ಒಂದು ಸೆಕೆಂಡು, ಅದನ್ನೂ ತೆಗೆದುಕೊಳ್ಳದೆ ಹೊರಟರು, ಎಲ್ಲಿಗೆ, ಮರದ ಹಿಂದೆಯೇ ದಿಬ್ಬವಿದೆ, ಹತ್ತು ಹೆಜ್ಜೆ, ಹತ್ತಿದ್ದರೆ ಬದುಕುತ್ತಿದ್ದರು, ಹತ್ತಲಿಲ್ಲ, ಗಾತ್ಯೊಗೆ ಕೇಳಲ್ಲವಲ್ಲ, ಹೊಳೆಯ ಪಕ್ಕದ ದಾರಿ ಹಿಡಿದು ಮನೆ ಕಡೆ ಹೊರಟರು, ಭುಜ ತಟ್ಟಲು, ಓಡಿಯೂ ಇರಲಿಕ್ಕಿಲ್ಲ, ನಡೆದೇ ಹೋಗಿರುತ್ತಾರೆ, ಆ ಹುಡುಗಿ ಹೇಳಿದ್ದಾಳಲ್ಲ, ಸಮಯ ಇರುತ್ತೆ. ಗಾತ್ಯೊ ಮನೆಯಲ್ಲಿರಲೇ ಇಲ್ಲ, ಮೇಲೆ ಜೇನುಪೆಟ್ಟಿಗೆಗಳ ಹತ್ತಿರ ಇದ್ದನಂತೆ, ತನಿಖೆಯವರು ಈಗಷ್ಟೇ ಓದಿದರು, ಒಣ ಜಾಗದಲ್ಲಿ.

ನೆವೇನಾ, ಇಲ್ಲಿ, ಅಡಿಯಲ್ಲಿ, ಪ್ಲಾಮೆನ್ ಪೆನ್ನು ಕೊಟ್ಟ, ಅವನ ಸಹಿ ಆಗಲೇ ಇದೆ, ದುಂಡಗೆ, ನಂಬಿದವನ ಸಹಿ, ನನ್ನನ್ನು ನಂಬಿದವನ ಸಹಿ. ಪೆನ್ನು ನನ್ನ ಕೈಯಲ್ಲಿದೆ. ಹಾಕಿದರೆ ಲೆಲ್ಯಾ ಮಾತು ಕೇಳದೆ ಸತ್ತ ಹೆಂಗಸು, ಗಾತ್ಯೊ ಕಿವುಡ, ನಾನು ನಾಳೆ ಇದೇ ಹೊತ್ತಿಗೆ ಕಾಫಿಗೆ ಗುಂಡಿ ಒತ್ತುತ್ತಿರುತ್ತೇನೆ, ಯಾರೂ ಆ ನಾಲ್ಕು ನಿಮಿಷವನ್ನು ನೋಡುವುದಿಲ್ಲ, ನೋಡಿದರೂ ತಿಳಿಯುವುದಿಲ್ಲ, ಇಡೀ ದೇಶದಲ್ಲಿ ಆ ಸೊನ್ನೆ ಸೆಕೆಂಡಿನ ಅರ್ಥ ಗೊತ್ತಿರುವವಳು ನಾನೊಬ್ಬಳೇ. ಹಾಕದಿದ್ದರೆ ಪೊಲೀಸು, ಕೋರ್ಟು, ಪ್ಲಾಮೆನ್‌ನ ಎರಡು ಮಕ್ಕಳು, ನನಗೆ ಹೆದರಿಕೆಯಾಗುತ್ತಿದೆ, ಸುಳ್ಳಾಡುವುದಿಲ್ಲ. ಮುಂದಿನ ಸಲ ಗೇಟು ಯಾವಾಗ ತೆಗೆಯುತ್ತೀರಿ ಎಂದು ಯಾರೋ ಕೇಳಿದರು, ನನ್ನದೇ ಧ್ವನಿ. ಗುರುವಾರ, ಯಾಕೆ ಎಂದರು ತನಿಖೆಯವರು, ಕನ್ನಡಕ ತೆಗೆದು ನನ್ನನ್ನು ಮೊದಲ ಸಲ ನೋಡಿದರು. ಪೆನ್ನು ಕೆಳಗಿಟ್ಟೆ. ಐದನೇದು ಕೂಗಿದ್ದು ಗೇಟು ತೆಗೆದ ಮೇಲೆ, ಎಂದೆ. ಮೊದಲೇ ಕೂಗ್ತು ಅಂತ ಬರೆದದ್ದು ನನ್ನ ಪ್ರೋಗ್ರಾಮು, ಅದನ್ನ ಬರೆದೋಳು ನಾನು, ಗಾತ್ಯೊ ಹೇಳ್ತಿರೋದೇ ನಿಜ, ಗುರುವಾರ ತೆಗೀಬೇಡಿ. ಪ್ಲಾಮೆನ್ ಏನೋ ಅಂದ, ತುಟಿ ಅಲ್ಲಾಡಿದ್ದು ಕಂಡಿತು, ಕೇಳಿಸಲಿಲ್ಲ, ತನಿಖೆಯವರು ಮಸಿಡಬ್ಬಿಯ ಮುಚ್ಚಳ ಹಾಕಿದರು, ಇನ್ನೊಂದು ಖಾಲಿ ಹಾಳೆ ತೆಗೆದರು, ಮೊದಲಿಂದ ಹೇಳಿ, ನಿಧಾನವಾಗಿ ಹೇಳಿ ಎನ್ನುತ್ತಿದ್ದಾರೆ, ಮೊದಲು ಎಂದರೆ ಯಾವುದು, ಅಕ್ಟೋಬರು, ಕಂಬಕ್ಕೆ ಒರಗಿಸಿದ ಸೈಕಲ್ಲು, ನಾನು ಹೇಳಬೇಕು, ಹೇಳುತ್ತೇನೆ, ಫೋನಿನ ಪರದೆ ಮೇಜಿನ ಮೇಲೆ ಇನ್ನೂ ಬೆಳಗುತ್ತಿದೆ, ಬಿಳಿ ಹೂ, ಕೆಸರು, ಕೊಂಬೆ, ಒಂದು ಸುತ್ತು ಬಂದ ದಾರ, ಒಂದು ತುದಿ ಇನ್ನೊಂದರ ಕೆಳಗೆ ತೂರಿದೆ, ಎಳೆದಿಲ್ಲ, ಒಂದು ತುದಿ ಇನ್ನೊಂದರ ಕೆಳಗೆ, ಎಳೆದಿಲ್ಲ, ಒಂದು ತುದಿ —